ಭಾವನ ಸಾವಿರನೇ ರಾತ್ರಿ

ನಮ್ಮ ಭಾವನಂಥ ಮನುಷ್ಯರನ್ನು ದೇವರು ಯಾವ ಪುರುಷಾರ್ಥಕ್ಕೆ ಸೃಷ್ಟಿಸಿದನೋ ನನಗೆ ಇವತ್ತಿಗೂ ತಿಳಿದಿಲ್ಲ. ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯರು, ಹಾಗಾಗಿ ಬಹುವಚನ ಹಚ್ಚಿಯೇ ಬರೆಯುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನ ಕೈಲಾಗದು.

ಅವರಿಗೆ ತೂಕದ ಯಂತ್ರ ಮಾಡುವ ಕಂಪನಿಯಲ್ಲಿ ಕೆಲಸ. ಕಾರ್ಖಾನೆಯೋ, ಗೋದಾಮೋ, ಲಾರಿ ತೂಗುವ ಕಟ್ಟೆಯೋ, ಎಲ್ಲಿ ತೂಕ ಹೆಚ್ಚುಕಮ್ಮಿಯಾದರೂ ಭಾವ ಪೆಟ್ಟಿಗೆ ಹಿಡಿದು ಹೊರಡಬೇಕು. ಮೂವತ್ತೊಂದು ವರ್ಷ ಹಾಗೆಯೇ ತಿರುಗಿದರು. ಹೋದಲ್ಲೆಲ್ಲ ಇಳಿಯುತ್ತಿದ್ದುದು ಒಂದೇ ಹೆಸರಿನ ಹೋಟೆಲಿನಲ್ಲಿ. ದೊಡ್ಡ ವಿಮಾನ ನಿಲ್ದಾಣ ಇರುವಲ್ಲೆಲ್ಲ ಅದರ ಒಂದು ಕಟ್ಟಡ ಇರುತ್ತದೆ. ತೆರೆಯಲಾಗದ ಕಿಟಕಿ, ಕಂದು ಬಣ್ಣದ ಕಾರ್ಪೆಟ್ಟು, ಯಾರೂ ಕದಿಯಲು ಬಯಸದ, ಆದರೂ ಗೋಡೆಗೆ ಸ್ಕ್ರೂ ಹಾಕಿ ಬಿಗಿದ ದೋಣಿಯ ಚಿತ್ರ. ಒಂದು ರೂಮು ನೋಡಿದರೆ ಎಲ್ಲ ರೂಮೂ ನೋಡಿದಂತೆ.

"ಯಾವ ಊರಾದ್ರೂ ಸರಿ, ಕತ್ತಲಲ್ಲಿ ಒಳಗೆ ಬಿಡು, ಸ್ವಿಚ್ ಎಲ್ಲಿದೆ ಅಂತ ನಾನು ತಡವರಿಸಲ್ಲ," ಎಂದು ಭಾವ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಸ್ವಂತ ಮನೆಯ ಬಚ್ಚಲಿನ ಸ್ವಿಚ್ ಮಾತ್ರ ಯಾವ ಕಡೆಗಿದೆ ಎಂದು ಪ್ರತಿ ಸಲ ಅಕ್ಕನನ್ನು ಕೂಗಿ ಕೇಳುತ್ತಿದ್ದರು.

ಪ್ರವಾಸದಿಂದ ಅವರು ಅಕ್ಕನಿಗೆ ತರುತ್ತಿದ್ದ ಉಡುಗೊರೆ ಎಂದರೆ ಹೋಟೆಲಿನ ಸೋಪು, ಶಾಂಪೂ ಬಾಟಲಿ, ಎರಡು ದಿನಕ್ಕೆ ಹರಿಯುವ ಬಿಳಿ ಚಪ್ಪಲಿ. ಒಂದು ಸಲ ಬಾಗಿಲ ಹಿಡಿಗೆ ತೂಗುಹಾಕುವ ರಟ್ಟನ್ನೂ ಎತ್ತಿಕೊಂಡು ಬಂದರು. ಅದರ ಮೇಲೆ 'ದಯವಿಟ್ಟು ತೊಂದರೆ ಕೊಡಬೇಡಿ' ಎಂದು ಬರೆದಿತ್ತು. "ಇದು ನೇತಾಡ್ತಿದ್ರೆ ಮ್ಯಾನೇಜರ್ ಕೂಡ ಬಾಗಿಲು ತಟ್ಟೋ ಹಾಗಿಲ್ಲ. ಶಿಸ್ತು ಅಂದ್ರೆ ಅದು," ಎಂದು ನಮಗೆ ಪಾಠ ಮಾಡಿದರು. ಅಕ್ಕ ಅದನ್ನು ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಳು.

ನಾನು ಅಕ್ಕನ ಮನೆಯ ಮಹಡಿಯ ಒಂಟಿ ಕೋಣೆಯಲ್ಲಿರುವವನು. ನಮ್ಮೂರಿನ ಅದೇ ಹೋಟೆಲಿನ ವ್ಯಾನ್ ಓಡಿಸುತ್ತೇನೆ. ನಿಲ್ದಾಣದಿಂದ ಹೋಟೆಲಿಗೆ, ಹೋಟೆಲಿನಿಂದ ನಿಲ್ದಾಣಕ್ಕೆ, ದಿನಕ್ಕೆ ಇಪ್ಪತ್ತೆರಡು ಸುತ್ತು. ಕೆಲಸ ಕೊಡಿಸಿದ್ದು ತಾವೇ ಎಂದು ಭಾವ ಊರೆಲ್ಲ ಹೇಳಿಕೊಂಡು ಬಂದರು. ಕೊಡಿಸಿದ್ದು ನನ್ನ ಲೈಸೆನ್ಸು.

ಭಾವ ನಿವೃತ್ತರಾಗುವ ತಿಂಗಳು ಬಂತು. ಒಂದು ಸೋಮವಾರ ಬೆಳಿಗ್ಗೆ, "ಕೊನೇ ಟೂರು, ಶುಕ್ರವಾರ ಬರ್ತೀನಿ," ಎಂದು ಅಕ್ಕನಿಗೆ ಹೇಳಿ ಪೆಟ್ಟಿಗೆ ಎಳೆದುಕೊಂಡು ಹೋದರು. ಅವತ್ತು ನನ್ನ ವಾರದ ರಜೆ. ಆದರೆ ಇನ್ನೊಬ್ಬ ಡ್ರೈವರ್‌ಗೆ ಜ್ವರ ಬಂದು ನಾನೇ ಗಾಡಿ ಹತ್ತಬೇಕಾಯಿತು. ಹತ್ತೂವರೆಯ ಸುತ್ತಿನಲ್ಲಿ, ವಿಮಾನದಿಂದ ಇಳಿದವರು ಹೊರಬರುವ ಬಾಗಿಲಲ್ಲಿ, ಈಗಷ್ಟೇ ಎಲ್ಲಿಂದಲೋ ಬಂದಿಳಿದವರ ಹಾಗೆ ಮುಖದಲ್ಲಿ ಆಯಾಸ ತಂದುಕೊಂಡು ಭಾವ ನಿಂತಿದ್ದರು. ಸಿಟಿ ಬಸ್ಸಿನ ಟಿಕೆಟು ಇನ್ನೂ ಅಂಗಿಯ ಜೇಬಿನಿಂದ ಇಣುಕುತ್ತಿತ್ತು.

ನನ್ನನ್ನು ನೋಡಿ ಒಂದು ಕ್ಷಣ ಪೆಚ್ಚಾದರು. ಆಮೇಲೆ ಪೆಟ್ಟಿಗೆ ನನ್ನ ಕೈಗೆ ಕೊಟ್ಟು ಮುಂದಿನ ಸೀಟಿನಲ್ಲಿ ಕೂತರು.

"ಹೋಟೆಲ್ ಕಾರ್ಡು ಮಾಡಿಸಿದ ಮೇಲೆ ಒಂಬೈನೂರ ತೊಂಬತ್ತಾರು ರಾತ್ರಿ ಆಗಿದೆ ಕಣೋ," ಎಂದರು. "ಇನ್ನು ನಾಲ್ಕು ರಾತ್ರಿ ಉಳ್ಕೊಂಡ್ರೆ ಸಾವಿರ. ಸಾವಿರ ಆದ್ರೆ ಈ ಗೋಲ್ಡ್ ಕಾರ್ಡು ಜೀವ ಇರೋವರೆಗೂ, ಇಲ್ಲಾಂದ್ರೆ ಈ ವರ್ಷಕ್ಕೇ ಮುಗೀತು. ಕಂಪನಿ ಇನ್ನು ಕಳಿಸಲ್ಲ. ಅದಕ್ಕೇ ನನ್ನ ದುಡ್ಡಲ್ಲೇ ಬುಕ್ ಮಾಡಿದೆ. ನಿಮ್ಮಕ್ಕನಿಗೆ ಹೇಳಬೇಡ, ಅವಳಿಗೆ ಇದೆಲ್ಲ ಅರ್ಥ ಆಗಲ್ಲ."

ಆ ಕಾರ್ಡು ಕೊಡುವುದೇನು ಎಂದರೆ ಒಂದು ಬಾಟಲಿ ನೀರು, ಒಂದು ಸೇಬು, ಹೆಚ್ಚಿಗೆ ಎರಡು ದಿಂಬು, ಮಧ್ಯಾಹ್ನ ಹನ್ನೆರಡರ ಬದಲು ನಾಲ್ಕಕ್ಕೆ ರೂಮು ಬಿಡುವ ಸೌಲಭ್ಯ. ನಿವೃತ್ತರಾದ ಮೇಲೆ ಈ ಮನುಷ್ಯ ಯಾವ ಊರಿನ ಯಾವ ರೂಮು ಬಿಡಬೇಕಿತ್ತು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನನಗೆ ಒಳಗೊಳಗೇ ನಗು ಬಂತು. ಹುಚ್ಚು ಮನುಷ್ಯ, ನಾಲ್ಕು ದಿನ ಬಿದ್ದಿರಲಿ ಎಂದು, ಹೇಳುವುದಿಲ್ಲ ಎಂದು ಒಪ್ಪಿಬಿಟ್ಟೆ.

ಮಂಗಳವಾರ ಬೆಳಿಗ್ಗೆ ಅಕ್ಕನಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುವವಳು, ಮಾತಾಡುತ್ತಲೇ ದಾರ ಪೋಣಿಸುವ ಕೈ. "ಬಲಗಣ್ಣಿನ ಮೂಲೆಯಿಂದ ಏನೋ ಕಪ್ಪು ಪರದೆ ಇಳೀತಾ ಇದೆ ಕಣೋ," ಎಂದಳು. ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಒಳಪದರ ಬಿಟ್ಟುಕೊಂಡಿದೆ, ಇವತ್ತು, ಇಲ್ಲ ನಾಳೆ ಆಪರೇಷನ್ ಆಗಲೇಬೇಕು, ತಡವಾದಷ್ಟೂ ದೃಷ್ಟಿ ಹೋಗುತ್ತದೆ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು.

"ಅವರು ಬರಲಿ," ಎಂದಳು ಅಕ್ಕ. ಅಲ್ಲಿಂದಲೇ ಫೋನು ಮಾಡಿದಳು. ಭಾವ ಆ ಕಡೆಯಿಂದ, "ಡಾಕ್ಟರುಗಳು ಹೆದರಿಸೋದೇ ಹಾಗೆ. ಇಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ? ಶುಕ್ರವಾರ ಬೆಳಿಗ್ಗೆ ಸೀದಾ ಆಸ್ಪತ್ರೆಗೇ ಬರ್ತೀನಿ," ಎಂದರಂತೆ. ಅಕ್ಕ ತಲೆಯಾಡಿಸಿ ಮನೆಗೆ ಹೊರಟಳು. ನಾನು ಎಷ್ಟು ಹೇಳಿದರೂ ಅವಳ ಬಾಯಲ್ಲಿ ಅದೊಂದೇ ಮಾತು.

ಬುಧವಾರ ಬೆಳಿಗ್ಗೆ ಹೋಟೆಲಿನ ತಿಂಡಿ ಹಾಲಿಗೆ ನುಗ್ಗಿದೆ. ಭಾವ ಬ್ರೆಡ್ಡು ಸುಡುವ ಯಂತ್ರದ ಮುಂದೆ ನಿಂತು, ಚೂರುಗಳು ಪಟ್ಟಿಯ ಮೇಲೆ ತೆವಳಿಕೊಂಡು ಹೋಗುವುದನ್ನು ನೋಡುತ್ತಿದ್ದರು. ತಟ್ಟೆಯಲ್ಲಿ ಮೂರು ಬೇಯಿಸಿದ ಮೊಟ್ಟೆ.

"ಭಾವ, ಅರ್ಧ ಗಂಟೆ ದಾರಿ. ಒಂದು ಸಲ ಬಂದು ಅವಳ ಜೊತೆ ನಿಂತ್ಕೊಳ್ಳಿ. ಆಮೇಲೆ ಬೇಕಾದ್ರೆ ವಾಪಸ್ ಬನ್ನಿ."

"ಬಂದ್ರೆ ಟೂರು ಬಿಟ್ಟು ಹೇಗೆ ಬಂದ್ರಿ ಅಂತ ಕೇಳಲ್ವಾ? ಕೂತ್ಕೊಳ್ಳಿ ಅಂತಾಳೆ, ರಾತ್ರಿ ಇಲ್ಲೇ ಇರಿ ಅಂತಾಳೆ. ಆಗ ಎರಡೇ ರಾತ್ರಿಗೆ ನಿಂತುಹೋಗುತ್ತೆ. ರಿಟೈರ್ ಆದ್ಮೇಲೆ ಮತ್ತೆ ಟೂರಿನ ನೆಪ ಎಲ್ಲಿಂದ ತರಲಿ?" ಬ್ರೆಡ್ಡು ಬಿತ್ತು. ಮುಟ್ಟಿ ನೋಡಿ, ಕೆಂಪಗಾಗಿಲ್ಲವೆಂದು ಮತ್ತೆ ಮೇಲೆ ಹಾಕಿದರು. "ಎರಡು ದಿನದಲ್ಲಿ ಕಣ್ಣು ಎಲ್ಲಿಗೂ ಓಡಿಹೋಗಲ್ಲ."

ನನ್ನ ಮೈ ಉರಿದುಹೋಯಿತು. ಆ ತಟ್ಟೆ ಕಿತ್ತು ಅವರ ತಲೆಗೆ ಹಾಕಬೇಕಿತ್ತು. ಹಾಕಲಿಲ್ಲ. ನನ್ನ ಮೈಮೇಲೆ ಹೋಟೆಲಿನ ಅಂಗಿ ಇತ್ತು. ಅವರು ಗೋಲ್ಡ್ ಕಾರ್ಡಿನ ಗಿರಾಕಿ.

ಸಂಜೆ ಏಳಕ್ಕೆ ಅವರು ದಿನವೂ ಅಕ್ಕನಿಗೆ ಫೋನು ಮಾಡುತ್ತಿದ್ದರು. ರೂಮಿನೊಳಗೆ ಸಿಗ್ನಲ್ ಸಿಗದೆ ಪಾರ್ಕಿಂಗ್ ಜಾಗದಲ್ಲಿ ನಿಂತು, "ಇಲ್ಲಿ ಚಳಿ ಜಾಸ್ತಿ" ಎಂದು ಬೆವರು ಒರೆಸಿಕೊಳ್ಳುತ್ತ ಮಾತಾಡುವುದನ್ನು ನಾನೇ ವ್ಯಾನಿನಲ್ಲಿ ಕೂತು ನೋಡಿದ್ದೇನೆ.

ಗುರುವಾರ ಬೆಳಿಗ್ಗೆ ಅಕ್ಕ ಕಾಫಿ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟಳು. ಲೋಟ ನೆಲಕ್ಕೆ ಬಿತ್ತು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಅಕ್ಕ, ಭಾವ ಟೂರಿಗೆ ಹೋಗಿಲ್ಲ. ಇಲ್ಲೇ ನಮ್ಮ ಹೋಟೆಲಲ್ಲಿದ್ದಾರೆ. ಕಾರ್ಡಿಗೋಸ್ಕರ."

ಅಕ್ಕ ಬಗ್ಗಿ ಕಾಫಿ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದಳು. "ಸೋಮವಾರ ಸಂಜೆನೇ ಗೊತ್ತಾಯ್ತು. ಫೋನಲ್ಲಿ ಅವರ ಹಿಂದೆ ಒಂದು ವಿಮಾನ ಎದ್ದ ಸದ್ದು ಕೇಳಿಸ್ತು. ನಾನು ನಲವತ್ತು ಎಣಿಸೋಷ್ಟರಲ್ಲಿ ಅದು ನಮ್ಮ ಮನೆ ಮೇಲೆ ಬಂತು. ಮಂಗಳವಾರನೂ ಬಂತು. ನಿನ್ನೇನೂ ಬಂತು."

ಆ ಮನೆಯ ಮೇಲೆ ದಿನಕ್ಕೆ ನೂರು ವಿಮಾನ ಹಾರುತ್ತವೆ. ಪಾತ್ರೆ ನಡುಗುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಫೋನಿನಲ್ಲಿ ಆ ಸದ್ದು ಗುಟ್ಟು ಬಿಟ್ಟುಕೊಡುತ್ತದೆ ಎಂದು ಆ ಮನೆಯಲ್ಲಿ ಬದುಕಿದ ಯಾರಿಗಾದರೂ ಹೊಳೆಯುತ್ತಿತ್ತು. ಆದರೆ ಭಾವ ಆ ಮನೆಯಲ್ಲಿ ಬದುಕಿದ್ದೇ ಯಾವಾಗ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು.

"ಗೊತ್ತಿದ್ದೂ ಯಾಕೆ ಕಾದೆ?" ಎಂದೆ.

"ಇಷ್ಟು ಹತ್ರ ಇದ್ದಾರಲ್ಲ, ಕಣ್ಣು ಅಂದ ಮೇಲಾದ್ರೂ ಬಂದುಬಿಡ್ತಾರೇನೋ ಅಂದ್ಕೊಂಡೆ." ಬಟ್ಟೆ ಹಿಂಡಿ ಎದ್ದಳು. "ನಡಿ. ಸಾಕು."

ಸೋಮವಾರ ಭಾವನ ಕೈಯಿಂದ ತೆಗೆದುಕೊಂಡು ಹೊತ್ತ ಆ ಪೆಟ್ಟಿಗೆ ನನಗೆ ನೆನಪಾಯಿತು. ಅವರು ಅಲ್ಲಿರುವುದು ಒಂದು ಕಾರ್ಡಿಗೋಸ್ಕರ ಎಂದು ಮಂಗಳವಾರವೇ ಬಾಯಿ ಬಿಟ್ಟಿದ್ದರೆ ಅಕ್ಕ ಕಾಯುತ್ತಿರಲಿಲ್ಲ. ಅವರಿಗೆ ಉಗಿಯಲು ತೆರೆದ ಬಾಯಿಗೆ ನನ್ನ ಮುಖವೇ ಅಡ್ಡ ಬಂತು.

ಅವತ್ತೇ ಮಧ್ಯಾಹ್ನ ಆಪರೇಷನ್ ಆಯಿತು. ಸಂಬಂಧಿಕರ ಸಹಿ ನಾನು ಹಾಕಿದೆ. ಡಾಕ್ಟರಮ್ಮ ಹೊರಗೆ ಬಂದು, "ಬೆಳಕು, ಆಕಾರ ಗೊತ್ತಾಗುತ್ತೆ. ಆ ಕಣ್ಣಲ್ಲಿ ಓದೋದು, ಹೊಲಿಯೋದು ಕಷ್ಟ. ಮಂಗಳವಾರವೇ ಆಗಿದ್ರೆ ಮಾತು ಬೇರೆ ಇತ್ತು," ಎಂದರು. ಒಂದು ವಾರ ಬೋರಲಾಗಿಯೇ ಮಲಗಬೇಕು ಎಂದು ಹೇಳಿ ಶುಕ್ರವಾರ ಹನ್ನೊಂದಕ್ಕೆ ಮನೆಗೆ ಕಳಿಸಿದರು.

ಬೆಳಿಗ್ಗೆ ಸೀದಾ ಆಸ್ಪತ್ರೆಗೆ ಬರುತ್ತೇನೆಂದವರು ಬರಲಿಲ್ಲ. ನಾಲ್ಕರವರೆಗೆ ರೂಮು ಇಟ್ಟುಕೊಳ್ಳುವ ಸೌಲಭ್ಯವಿತ್ತಲ್ಲ, ಅದನ್ನು ಬಿಡುವುದುಂಟೇ. ನಾಲ್ಕೂಮುಕ್ಕಾಲಿಗೆ ಟ್ಯಾಕ್ಸಿಯಿಂದ ಇಳಿದರು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಕಾರ್ಡಿನ ನೀಲಿ ಡಬ್ಬಿ.

"ವಿಮಾನ ಲೇಟು," ಎಂದರು ನನಗೆ. ನನಗೆ.

ನಾನು ಒಳಕೋಣೆಯ ಕಡೆ ಕೈ ತೋರಿಸಿದೆ. ಭಾವ ಹೋಗಿ ಬಾಗಿಲು ತಟ್ಟಲು ಕೈ ಎತ್ತಿದರು. ಬಾಗಿಲ ಹಿಡಿಯಲ್ಲಿ ಆ ರಟ್ಟು ನೇತಾಡುತ್ತಿತ್ತು. ಆಸ್ಪತ್ರೆಯಿಂದ ಬಂದವಳೇ ಕನ್ನಡಿಯ ಹಿಂದೆ ತಡಕಾಡಿ ತೆಗೆದು ಅಕ್ಕನೇ ತೂಗುಹಾಕಿದ್ದಳು.

ಅವರು ಅದನ್ನು ಓದಿದರು. ಎತ್ತಿದ ಕೈ ಇಳಿಯಿತು. ಅಷ್ಟರಲ್ಲಿ ವಿಮಾನವೊಂದು ಮಾಡಿನ ಮೇಲೆ ಹಾದುಹೋಯಿತು, ಅಡಿಗೆಮನೆಯ ಪಾತ್ರೆಗಳು ನಡುಗಿದವು. ಭಾವ ತಲೆಯೆತ್ತಿ ನೋಡಿದರು, ಮೊದಲ ಸಲ ಕೇಳಿಸಿಕೊಂಡವರ ಹಾಗೆ. ಆಮೇಲೆ ಬಾಗಿಲ ಹೊರಗೆ ಪೆಟ್ಟಿಗೆಯ ಮೇಲೆ ಕೂತರು. ತಟ್ಟಲಿಲ್ಲ.