ನಾವು ಕೈ ಎತ್ತಿ ಅಳಿಸಿದ ಹಾಡು

ಮೊನ್ನೆ ಶನಿವಾರ ಬೆಳಿಗ್ಗೆ ಹುಲ್ಲು ಕತ್ತರಿಸುವ ಮಷೀನಿಗೆ ಗ್ಯಾಸ್, ಅಂದರೆ ಪೆಟ್ರೋಲು, ತುಂಬಿಸುತ್ತಿದ್ದೆ. ಸ್ವಲ್ಪ ನೆಲಕ್ಕೆ ಚೆಲ್ಲಿತು. ಅದೇ ಹೊತ್ತಿಗೆ ಒಳಗೆ ನನ್ನ ಹೆಂಡತಿ ಡಿಕಾಕ್ಷನ್ ಇಳಿಸುತ್ತಿದ್ದಳು. ಎರಡೂ ವಾಸನೆ ಗ್ಯಾರೇಜಿನಲ್ಲಿ ಸೇರಿದ್ದೇ ತಡ, ನನ್ನ ಕೈ ನಿಂತುಹೋಯಿತು. ಅಯ್ಯೋ ಶಿವನೇ, ಇದು ಅವರ ಗ್ಯಾರೇಜಿನ ವಾಸನೆ ಅಲ್ಲವೇ! ಕ್ಯಾನ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವತ್ತು ಹುಲ್ಲು ಕತ್ತರಿಸಲಿಲ್ಲ.

ನನ್ನ ಮಗ ಅವರನ್ನು ‘ಗ್ಯಾರೇಜ್ ಅಂಕಲ್’ ಅನ್ನುತ್ತಿದ್ದ. ನಾನೂ ಹಾಗೇ ಕರೆಯುತ್ತೇನೆ. ಅವರ ದನಿಯಲ್ಲಿದ್ದ ಒಂದೇ ಒಂದು ಹಾಡು ಈ ಭೂಮಿಯ ಮೇಲಿತ್ತು. ಅದನ್ನು ಅಳಿಸಿಹಾಕಿದವರು ನಾವು. ಮೊದಲು ಕೈ ಎತ್ತಿದವನು ನಾನು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಅಮೆರಿಕದಲ್ಲಿ, ಅಟ್ಲಾಂಟಾ ಪಕ್ಕದ ಕಮ್ಮಿಂಗ್‌ನಲ್ಲಿ ಅವರ ಮನೆಯಿಂದ ಐದು ನಿಮಿಷದ ಡ್ರೈವ್‌ನಲ್ಲಿ ಮಕ್ಕಳ ಕನ್ನಡ ಕ್ಲಾಸು ನಡೆಯುತ್ತಿತ್ತು. ಶನಿವಾರ ಹತ್ತರಿಂದ ಹನ್ನೆರಡು. ಬೇರೆ ಅಪ್ಪಂದಿರು ಮಕ್ಕಳನ್ನು ಬಿಟ್ಟು ಕಾರಿನಲ್ಲೇ ಕೂತು ಫೋನ್ ನೋಡುತ್ತಿದ್ದರು. ನಾವು ಮೂವರು ಮಾತ್ರ ಅವರ ಗ್ಯಾರೇಜಿಗೆ ಓಡುತ್ತಿದ್ದೆವು. ನಾನು, ಹುಬ್ಬಳ್ಳಿ ಕಡೆಯ ಒಬ್ಬ ಡಾಕ್ಟರು, ಆಮೇಲೆ ನನ್ನ ಜೊತೆ ಪಕ್ಕದೂರು ಅಲ್ಫರೆಟಾದಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ. ಹೊಟ್ಟೆ ಬಂದ, ತಲೆ ಬೋಳಾದ ಗಂಡಸರು. ಮೈಮೇಲೆ ಕಪ್ಪು ಟೀ ಶರ್ಟು, ಅದರ ಮೇಲೆ ಯಾರಿಗೂ ಓದಲಾಗದ ಅಕ್ಷರಗಳಲ್ಲಿ ಬ್ಯಾಂಡಿನ ಹೆಸರು. ಹೆಂಡತಿಯರಂತೂ ನಮ್ಮನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಹೆವಿ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತ ಹಾಕಿಕೊಂಡು ಎರಡು ಗಂಟೆ ಜಗಳ ಆಡುವುದು, ಅಷ್ಟೇ ಅಲ್ಲಿನ ಕಾರ್ಯಕ್ರಮ.

ಹೊಸ ಆಲ್ಬಮ್ ಬಂದರೆ ಡಾಕ್ಟರಿಗೆ ಹಬ್ಬ. ‘ಭಾಳ ಛಲೋ ಮಾಡ್ಯಾರ ನೋಡ್ರಿ’ ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಡ್ರಮ್ಮನ್ನು ಕಂಪ್ಯೂಟರು ಬಾರಿಸಿದೆ, ಗಿಟಾರನ್ನು ಸೋಪು ಹಾಕಿ ತೊಳೆದಿದ್ದಾರೆ ಅಂತ ಹಾರಾಡುತ್ತಿದ್ದೆ. ಹಳೆಯದು ಮಾತ್ರ ಅಸಲಿ ಅನ್ನುವ ಹುಚ್ಚು ನನಗೆ. ಗ್ಯಾರೇಜ್ ಅಂಕಲ್ ಕಾಫಿ ಬಗ್ಗಿಸುತ್ತಾ ನಗುತ್ತಿದ್ದರು. ನಾನು ಹಾಡಿ ಹೊಗಳುತ್ತಿದ್ದ ಹಳೆಯ ಕಾಲದಲ್ಲಿ ನಿಜವಾಗಿ ಇದ್ದವರು ನಮ್ಮಲ್ಲಿ ಅವರೊಬ್ಬರೇ. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಒಂದು ಬ್ಯಾಂಡಿನಲ್ಲಿ ಹಾಡುತ್ತಿದ್ದರಂತೆ. ಒಂದೇ ಕ್ಯಾಸೆಟ್ಟು ಮಾಡಿದ್ದರು, ಕೈಯಿಂದ ಕೈಗೆ ಕಾಪಿ ಆಗಿ ಓಡಾಡಿತ್ತು. ಆಮೇಲೆ ಒಂದೂ ಉಳಿಯಲಿಲ್ಲ. ಬ್ಯಾಂಡಿನ ಉಳಿದ ಮೂವರು ಎಲ್ಲೆಲ್ಲೋ ಹೋದರು... ‘ಸಾಯೋದ್ರೊಳಗೆ ಒಂದು ಹಾಡು ರೆಕಾರ್ಡ್ ಮಾಡ್ಬೇಕು ಕಣಯ್ಯ, ಮಗಳಿಗೆ ನನ್ನ ದನಿ ಗೊತ್ತಾಗ್ಲಿ’ ಅಂತ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಹೊತ್ತಿಗೆ ಕೋವಿಡ್ ಅವರ ಶ್ವಾಸಕೋಶವನ್ನು ಹಾಳು ಮಾಡಿಯಾಗಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆ ಹಿಡಿದುಕೊಳ್ಳುತ್ತಿದ್ದರು. ಅವರು ಹಾಡುತ್ತಾರೆ ಅಂತ ನಾವ್ಯಾರೂ ನಂಬಿರಲಿಲ್ಲ.

ನಮ್ಮದೊಂದು ಆಟವಿತ್ತು. ಪ್ರತಿ ಗುರುವಾರ ಯಾರಾದರೊಬ್ಬರು ಒಂದು ಹಾಡು ಕಳಿಸಬೇಕು. ಬ್ಯಾಂಡಿನ ಹೆಸರು ಹೇಳುವಂತಿಲ್ಲ, ಕಳಿಸಿದವರು ಯಾರು ಅನ್ನುವುದೂ ಗುಟ್ಟು. ಅದಕ್ಕೆಂದೇ ನಾಲ್ವರಿಗೂ ಸೇರಿ ಒಂದು ಮೇಲ್ ಅಕೌಂಟ್ ಇತ್ತು. ಪೂರ್ತಿ ಕೇಳದೆ ಬಾಯಿ ಬಿಡಬಾರದು, ಇದು ಮೊದಲ ನಿಯಮ. ಶನಿವಾರ ಚರ್ಚೆ ಮಾಡಿ, ಮೂರು ಕೈ ಎದ್ದರೆ ಅದು ಕಸ. ಎಲ್ಲರೂ ಅಲ್ಲೇ ಫೋನ್ ತೆಗೆದು ಅಳಿಸಬೇಕು. ಈ ಎರಡನೇ ನಿಯಮ ಮಾಡಿದವರು ಗ್ಯಾರೇಜ್ ಅಂಕಲ್ಲೇ. ಕ್ಯಾಸೆಟ್ಟಿನ ಕಾಲದಲ್ಲಿ ಚೆನ್ನಾಗಿಲ್ಲದ ಹಾಡಿನ ಮೇಲೆ ಇನ್ನೊಂದನ್ನು ತುಂಬಿಸುತ್ತಿದ್ದರಂತೆ. ‘ನೀವೋ, ಎಲ್ಲಾ ಕಸಾನೂ ಜೇಬಲ್ಲಿಟ್ಕೊಂಡು ಓಡಾಡ್ತೀರಿ’ ಅಂತ ಬೈಯುತ್ತಿದ್ದರು.

ಆ ಗುರುವಾರ ಬಂದ ಹಾಡು ಹನ್ನೊಂದು ನಿಮಿಷದ್ದು. ಶುಕ್ರವಾರ ಆಫೀಸಿಗೆ ಹೋಗುವಾಗ 400 ಹೈವೇಯ ಟ್ರಾಫಿಕ್ಕಿನಲ್ಲಿ ಹಾಕಿದೆ. ಗಂಟಲು ಹರಿಯುವ ಕಿರುಚಾಟ, ಯಾರ ದನಿ ಅಂತ ಗುರುತಾಗುವಂತಿರಲಿಲ್ಲ. ಐದಾರು ನಿಮಿಷ ಆಗಿರಬೇಕು, ಮ್ಯಾನೇಜರ್ ಫೋನ್ ಬಂತು. ಆಮೇಲೆ ಮರೆತೇಬಿಟ್ಟೆ.

ಶನಿವಾರ ಮೊದಲು ಬಾಯಿ ಹಾಕಿದ್ದು ನಾನೇ. ‘ಯಾರೋ ಹುಡುಗ್ರು ನಿಮ್ಮ ಕಾಲದವರನ್ನ ಕಾಪಿ ಹೊಡಿಯಕ್ಕೆ ಹೋಗಿ ಉಸಿರು ಕಟ್ಟಿಸ್ಕೊಂಡಿದಾರೆ. ಎರಡೆರಡು ಸಾಲು ಹಾಡಿ ಅಂಟಿಸಿದಾರೆ. ಇದು ಮೆಟಲ್ ಅಲ್ಲ, ಮೋಸ’ ಅಂದೆ. ಇನ್ನೂ ಏನೇನೋ ಅಂದೆ. ನಾನು ಮಾತಿಗೆ ನಿಂತರೆ ನಿಲ್ಲಿಸುವವರಿಲ್ಲ. ಗೆಳೆಯ ತಲೆ ಅಲ್ಲಾಡಿಸಿ ನಗುತ್ತಿದ್ದ.

ಗ್ಯಾರೇಜ್ ಅಂಕಲ್ ಒಂದೇ ಪ್ರಶ್ನೆ ಕೇಳಿದರು. ‘ಪೂರ್ತಿ ಕೇಳಿದ್ಯಾ?’

‘ಕೇಳ್ದೆ’ ಅಂದೆ.

ನಾನು ಕೈ ಎತ್ತಿದೆ. ಗೆಳೆಯನೂ ಎತ್ತಿದ. ಡಾಕ್ಟರು ಎತ್ತಲಿಲ್ಲ, ‘ನನಗ ಹಂಗ ಅನಿಸಲಿಲ್ಲಪ್ಪ’ ಅಂದರು. ಆಮೇಲೆ ಗ್ಯಾರೇಜ್ ಅಂಕಲ್ ನಿಧಾನಕ್ಕೆ ತಮ್ಮ ಕೈ ಎತ್ತಿದರು. ಮೂರು ಆಯಿತು. ನಾಲ್ವರೂ ಫೋನ್ ತೆಗೆದು ಅಳಿಸಿದೆವು. ಆ ಮೇಲ್ ಅಕೌಂಟಿನಿಂದಲೂ ತೆಗೆದೆವು. ಅವರು ಎದ್ದು ಇನ್ನೊಂದು ಸುತ್ತು ಕಾಫಿ ಕೊಟ್ಟರು. ಅವರ ಮುಖದಲ್ಲಿ ಏನಾದರೂ ಕಂಡಿತೇ ಅಂತ ಎಷ್ಟು ಸಲ ಜ್ಞಾಪಿಸಿಕೊಂಡಿದ್ದೇನೋ... ಏನೂ ನೆನಪಾಗುವುದಿಲ್ಲ. ನಾನು ನನ್ನ ಮಾತಿನ ಖುಷಿಯಲ್ಲೇ ಇದ್ದೆ.

ಮುಂದಿನ ವರ್ಷ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಒಂಬತ್ತನೇ ದಿನಕ್ಕೆ ಹೋಗಿಬಿಟ್ಟರು.

ಹದಿನೈದು ದಿನ ಬಿಟ್ಟು ಮನೆಗೆ ಹೋದಾಗ ಅಕ್ಕ, ಅಂದರೆ ಅವರ ಹೆಂಡತಿ, ಮೆಲ್ಲಗೆ ಕೇಳಿದರು. ‘ಇವರು ಹಾಡಿದ್ದು ನಿಮಗೆಲ್ಲ ಕಳ್ಸಿದ್ರಲ್ಲ, ಅದು ನಿಮ್ಮ ಹತ್ರ ಇದ್ಯಾ?’ ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ನಾಲ್ಕು ತಿಂಗಳು ಗ್ಯಾರೇಜ್ ಅಂಕಲ್ ಬಟ್ಟೆ ಇಡುವ ಕ್ಲಾಸೆಟ್ಟಿನೊಳಗೆ ಬಾಗಿಲು ಹಾಕಿಕೊಂಡು, ಅಕ್ಕನ ಸೀರೆಗಳ ನಡುವೆ ನಿಂತು ರೆಕಾರ್ಡ್ ಮಾಡಿದ್ದರಂತೆ. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು. ಎರಡು ಸಾಲು ಹಾಡುವುದು, ಕೂರುವುದು, ಮತ್ತೆ ಎರಡು ಸಾಲು. ಆ ಶನಿವಾರ ನಾವು ಹೋದ ಮೇಲೆ ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸಿದರಂತೆ. ‘ಯಾಕ್ರೀ ಅಂದೆ. ಅವನು ಪೂರ್ತಿ ಕೇಳಿ ಹೇಳಿದಾನೆ, ಸರಿಯಾಗೇ ಹೇಳಿರ್ತಾನೆ ಅಂದ್ರು.’

‘ಹುಡುಕ್ತೀನಿ ಅಕ್ಕ’ ಅಂದೆ. ಎಂಥ ಹೇಡಿ ನಾನು! ನಿಜವಾಗಿಯೂ ಹುಡುಕಿದೆ. ಹಳೆಯ ಫೋನು, ಲ್ಯಾಪ್‌ಟಾಪು, ಮೇಲ್‌ನ ಕಸದ ಡಬ್ಬಿ, ಎಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಷಾರ್ಲೆಟ್‌ಗೆ ಹೋಗಿದ್ದ ಗೆಳೆಯನಿಗೆ ಫೋನ್ ಮಾಡಿದರೆ, ‘ನಾನು ಕೇಳೇ ಇರ್ಲಿಲ್ಲ ಕಣೋ, ನೀನು ಅಷ್ಟು ಜೋರಾಗಿ ಹೇಳ್ದೆ ಅಂತ ಕೈ ಎತ್ತಿದೆ’ ಅಂದ. ಡಾಕ್ಟರಿಗೆ ಸ್ವಲ್ಪ ನೆನಪಿತ್ತು. ‘ಕಡೀಕ ಎಲ್ಲಾ ವಾದ್ಯ ನಿಂತು, ಕನ್ನಡದಾಗ ಏನೋ ಮೆತ್ತಗ ಹಾಡಿದ್ರು. ಮಾತು ನೆನಪಿಲ್ಲ’ ಅಂದರು. ಆಮೇಲೆ ನಾನು ಆ ಮನೆಯ ಕಡೆ ತಲೆ ಹಾಕಲಿಲ್ಲ. ಎರಡು ವರ್ಷ ಅಂಗಡಿಯಲ್ಲಿ ಅಕ್ಕನನ್ನು ಕಂಡರೆ ಬೇರೆ ಸಾಲಿಗೆ ತಿರುಗಿಕೊಂಡಿದ್ದೇನೆ.

ಮೊನ್ನೆ ಗ್ಯಾರೇಜಿನಲ್ಲಿ ಕೂತಮೇಲೆ ಇನ್ನು ತಡೆಯಲಾಗಲಿಲ್ಲ. ಭಾನುವಾರ ಹೋದೆ, ನಿಜ ಹೇಳಿಯೇಬಿಡಬೇಕು ಅಂತ. ಬಾಗಿಲು ತೆಗೆದದ್ದು ಮಗಳು. ಅಟ್ಲಾಂಟಾದಲ್ಲಿ ಕಾಲೇಜು ಓದುತ್ತಿದ್ದಾಳೆ, ವಾರಾಂತ್ಯಕ್ಕೆ ಬಂದಿದ್ದಳು. ಅಕ್ಕ ಅಡುಗೆಮನೆಯಲ್ಲಿದ್ದರು. ನಾನು ಕೂರುವ ಮೊದಲೇ ಅವಳು ಕೇಳಿದಳು. ‘ಅಂಕಲ್, ಡಾಕ್ಟರ್ ಅಂಕಲ್ ಹೇಳಿದ್ರು, ಎಂಡ್‌ನಲ್ಲಿ ಕನ್ನಡ ಇತ್ತು ಅಂತ. ಅಪ್ಪ ನಂಗೆ ಹೇಳಿದ್ರು, ಎಂಡ್ ಈಸ್ ಫಾರ್ ಯು. ಏನು ಹಾಡಿದ್ರು?’

‘ಗೊತ್ತಿಲ್ಲಮ್ಮ’ ಅಂದೆ. ‘ನಾನು ಕೊನೇ ತನಕ ಕೇಳ್ಲಿಲ್ಲ. ಕೇಳ್ದೆ ಅಂತ ಅವರಿಗೆ ಸುಳ್ಳು ಹೇಳ್ದೆ. ಎಲ್ಲಾ ಅಳಿಸಿಬಿಟ್ವಿ. ಎಲ್ಲೂ ಇಲ್ಲ.’

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು. ‘ಪ್ಲೀಸ್, ಅಮ್ಮಂಗೆ ಹೇಳ್ಬೇಡಿ. ಅಮ್ಮ ಇನ್ನೂ ವೇಟ್ ಮಾಡ್ತಿದಾರೆ.’

ಅಕ್ಕ ತಟ್ಟೆ ಹಿಡಿದು ಬಂದರು. ಬಹಳ ಸೊರಗಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು.

‘ಸಿಕ್ತಾ?’ ಅಂದರು.

ಮಗಳು ನನ್ನನ್ನೇ ನೋಡುತ್ತಿದ್ದಳು.

‘ಇನ್ನೂ ಹುಡುಕ್ತಿದೀನಿ ಅಕ್ಕ’ ಅಂದೆ.