ಪರಸವ್ವನ ಮಿಸರಿ

ಪರಸವ್ವ ನನ್ನ ನೆಗೆಣ್ಣಿ, ನನ್ನ ಮೈದುನ ಶಿವಾಜಿಯ ಹೇಣ್ತಿ. ಬಿಜ್ಜರಗ್ಯಾಗ ದ್ರಾಕ್ಷಿ ಬಳ್ಳಿ ಕತ್ತರಿಸೋ ಚಾಟ್ನಿ ಕೆಲಸಕ್ಕ ಹೋಗೋ ಹೆಂಗಸ್ರ ಗ್ಯಾಂಗಿಗೆ ಆಕೀನ ಮುಂದ. ಆಕಿ ಒಂದು ಸಾಲು ಬಳ್ಳಿ ಕತ್ತರಿಸಿ ಮುಗಸಿದಾಗ ನಾವು ಇನ್ನೂ ಅರ್ಧಕ್ಕ ಇರತಿದ್ವಿ. ನನಗ ಹೊಟ್ಟಿಕಿಚ್ಚಿತ್ತು, ಸುಳ್ಳ ಯಾಕ ಹೇಳ್ಲಿ?

ಹೋದ ವರ್ಷ ಬಬಲೇಶ್ವರ ಕಡೆ ಕೆಲಸ ಮುಗಿಸಿ ಬರಾಗ, ತಿಕೋಟಾ ದಾಟಿದ ಮ್ಯಾಲ ನಮ್ಮ ಟಂಟಂ ಪಲ್ಟಿ ಆತು. ನಮಗೆಲ್ಲ ತರಚಿದ್ದು ಅಷ್ಟ. ಆಕಿ ಮೊಣಕಾಲ ಕೆಳಗಿನ ಎಲುಬು ಮುರದು ಹೊರಗ ಬಂದಿತ್ತು. ಮುಂದಿನ ಚರ್ಮ, ಮಾಂಸ ಎಲ್ಲಾ ಕಿತ್ತು ಹೋಗಿತ್ತು.

ವಿಜಯಪುರದ ದವಾಖಾನ್ಯಾಗ ಗಾಯ ತೊಳದು, ಎಲುಬಿಗೆ ಸಳಿ ಹಾಕಿ ಹೊರಗಿಂದ ಕಬ್ಬಿಣದ ಚೌಕಟ್ಟು ಬಿಗದ್ರು. "ಮ್ಯಾಲ ಮಾಂಸ ಇಲ್ದ ಎಲುಬು ಉಳಿಯಂಗಿಲ್ಲ. ತೊಡಿ ಮಾಂಸ ತಗದು ಇಲ್ಲಿ ಕೂಡಸ್ತೀವಿ, ರಕ್ತನಾಳ ಜೋಡಸ್ತೀವಿ. ಅದ್ರಾಗ ರಕ್ತ ಹರದ್ರ ಕಾಲು ಉಳೀತೈತಿ," ಅಂದ್ರು ಡಾಕ್ಟರು. "ಬೀಡಿ, ತಂಬಾಕು ಏನರ ಅದಾವೇನವ್ವಾ? ಅವು ನಾಳ ಮುದುಡಸ್ತಾವು."

"ಛೀ, ನಾ ಅಂಥಾಕಿ ಅಲ್ರಿ," ಅಂದ್ಳು.

ಆಕಿ ಸುಳ್ಳ ಹೇಳಿದ್ದಲ್ಲ. ನಮ್ಮ ಕಡೆ ಹೆಂಗಸ್ರು ಮುಂಜಾನಿ, ಉಂಡ ಮ್ಯಾಲ, ಬ್ಯಾಸರಾದಾಗ ಮಿಸರಿ ತಿಕ್ಕತಾರ. ಸುಟ್ಟ ತಂಬಾಕಿನ ಪುಡಿ ಅದು. ಆದ್ರ ಹಲ್ಲು ತಿಕ್ಕೂದಕ್ಕ ಯಾರರ ಚಟ ಅಂತಾರೇನು?

ಆಪರೇಶನ್ ಛಲೋ ಆತು. ಆದ್ರ ಮಿಸರಿ ಇಲ್ದ ಆಕಿ ತಲಿ ಹಿಡಕೊಂಡು ನರಳಾಕತ್ತಿದ್ಳು. ಶಿವಾಜಿಗೆ ನೋಡಾಕ ಆಗಲಿಲ್ಲ. ಹೇಣ್ತಿಗೆ ಜಲ್ಮದಾಗ ಒಂದು ಮಾರು ಹೂವು ತಂದಂವಲ್ಲ, ಗಾಂಧಿ ಚೌಕೆಲ್ಲ ತಿರುಗಿ ಆಕಿ ತಿಕ್ಕೋ ಮಿಸರೀನ ಹುಡುಕಿ ತಂದ. "ನೋಡಕ್ಕಾ, ನಾ ಕೇಳದ ಇದ್ರೂ ತಂದಾರ," ಅಂತ ಆಕಿ ನನಗ ತೋರಿಸಿ ನಕ್ಕಳು. ಅಷ್ಟು ಖುಷಿಯಾಗಿ ಆಕಿ ನಕ್ಕಿದ್ದು ನಾ ನೋಡಿದ್ದಿಲ್ಲ.

ಅವತ್ತಿಂದ ಮತ್ತ ತಿಕ್ಕಾಕ ಹತ್ತಿದ್ಳು. ಆಮ್ಯಾಲ ಕಾಲಿಗೆ ಕೂಡಿಸಿದ ಮಾಂಸ ನೀಲಿ ಆತು, ಆಮ್ಯಾಲ ಕರ್ರಗಾತು. ಮತ್ತ ಒಳಗ ಒಯ್ದು ನಾಳ ಬಿಚ್ಚಿ ನೋಡಿದ್ರು, ರಕ್ತ ಹೆಪ್ಪುಗಟ್ಟಿತ್ತು. ದಿಂಬಿನ ಬುಡಕ ಡಬ್ಬಿ ಸಿಕ್ಕಿದ್ದು ನರ್ಸ್ ಶಮಾಗ. ಡಾಕ್ಟರು ಮೂಸಿ ನೋಡಿ ಸ್ಟೂಲಿನ ಮ್ಯಾಲ ಕುಂತಬಿಟ್ರು. "ಇದೊಂದ ಕಾರಣ ಅಂತ ಹೇಳಾಕ ಬರಂಗಿಲ್ಲ. ಆದ್ರ ಇದು ಬ್ಯಾಡಾಗಿತ್ತು," ಅಂದ್ರು. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು.

ಶಿವಾಜಿ ಆಗ ಚಹಾ ತರಾಕ ಹೋಗಿದ್ದ. ಪರಸವ್ವ ನನ್ನ ಕೈ ಹಿಡದ್ಳು. "ಅಕ್ಕಾ, ಅವ್ರ ಮುಂದ ಹೇಳಬ್ಯಾಡ. ನನ್ನ ಕಾಲು ಹೋದ್ರ ಹೋಗ್ಲಿ, ಅವ್ರು ಇದನ್ನ ಹೊತ್ಕೊಂಡು ಬದುಕೂದು ಬ್ಯಾಡ." ಡಾಕ್ಟರಿಗೂ ಕೈ ಮುಗದು ಅದನ್ನ ಕೇಳಕೊಂಡ್ಳು. ಎಲುಬಿನಾಗ ಕೀವು ತುಂಬಿ, ಮೊಣಕಾಲ ಕೆಳಗ ಕಾಲು ತಗದ್ರು. ನಾ ಹೊರಗ ಕುಂತು ದೇವರಿಗೆ ಬಾಯಿಗೆ ಬಂದಂಗ ಬೈದೆ.

ಈಗ ಆಕಿ ಮನ್ಯಾಗ ಕುಂತ ಕಾಳು ಹಸನ ಮಾಡತಾಳ. ಶಿವಾಜಿ ಸಂತಿಗೆ ಹೋದಾಗೊಮ್ಮೆ ಮಿಸರಿ ತಂದು ಆಕಿ ಕೈಯಾಗ ಇಡತಾನ. ಹೇಣ್ತಿಗೆ ತಾ ಮಾಡೋದು ಇದೊಂದ ಅಂತ ತಿಳದಾನ ಮೂಳ. ಅಂವ ಹೊಲಕ್ಕ ಹೋದ ಕೂಡ್ಲೆ ಅದು ಬಚ್ಚಲಿಗೆ ಹೋಗತೈತಿ, ಡಬ್ಬಿಗೆ ಒಲಿ ಇದ್ದಲಿ ಪುಡಿ ಬೀಳತೈತಿ. ಕುಟ್ಟಿ ಕೊಡಾಕಿ ನಾನ. ಸಂಜಿಕ್ಕ ಅಂವ ಎದುರಿಗೆ ಕುಂತಾಗ ಆಕಿ ಆ ಇದ್ದಲಿ ತಿಕ್ಕಿ, ಕರೇ ಹಲ್ಲು ಬಿಟ್ಟು, "ಛಲೋ ಐತ್ರಿ," ಅಂತಾಳ.