ರಿಮ್‌ಫೈರ್ ವಿಭಾಗದ ಏಕೈಕ ಸ್ಪರ್ಧಿ

ಆಯುಧಗಳ ಪ್ರಶ್ನೆ ಎದ್ದಾಗಲೆಲ್ಲ ಸಾಮ್ರಾಜ್ಯಗಳು ನಡುಗಿವೆ. ನಮ್ಮ ಸಮಿತಿಯಲ್ಲಿ ನಡುಗಿದ್ದು ಚಹಾದ ಮೇಜು; ಅದರ ಒಂದು ಕಾಲು ಮೊದಲಿನಿಂದಲೂ ಗಿಡ್ಡ.

ಕೆಲವು ವರ್ಷಗಳ ಹಿಂದಿನ ಮಾತು. ವಾರವಿಡೀ ನಾರ್ತ್ ಸಿಡ್ನಿಯ ಐಟಿ ಕಚೇರಿಯಲ್ಲಿರುತ್ತಿದ್ದ ನಾನು ಶನಿವಾರ ಊರ ಹೊರಗಿನ ಪಿಸ್ತೂಲ್ ಕ್ಲಬ್ಬೊಂದರ ಮ್ಯಾಚ್ ಡೈರೆಕ್ಟರ್. ಸಂಬಳವಿಲ್ಲ, ಬೈಗುಳ ಧಾರಾಳ. ಪ್ರಾಕ್ಟಿಕಲ್ ಶೂಟಿಂಗ್ ಎಂದರೆ ಟೈಮರ್ ಓಡುತ್ತಿರುವಾಗ ಜಾಗ ಬದಲಿಸುತ್ತ ಗುರಿಗಳಿಗೆ ಹೊಡೆಯುವುದು. ಒಬ್ಬರು ಹೊಡೆದ ಮೇಲೆ ಅವರ ಸ್ಕ್ವಾಡಿನ, ಅಂದರೆ ಸರದಿಯ ಗುಂಪಿನ, ಉಳಿದವರು ಹೋಗಿ ಮುಂದಿನವರಿಗಾಗಿ ಕಾಗದದ ಗುರಿಯ ತೂತುಗಳಿಗೆ ಟೇಪ್ ಅಂಟಿಸುವುದು ಪದ್ಧತಿ. ಒಂಬತ್ತು ಎಂಎಂಗಿಂತ ಸಣ್ಣ ಗುಂಡಿನ ಪಿಸ್ತೂಲಿಗೆ ನಮ್ಮಲ್ಲಿ ಪ್ರವೇಶವಿರಲಿಲ್ಲ.

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಒಬ್ಬರೇ ಇದ್ದ ನಮ್ಮ ಕ್ಲಬ್ಬಿನ ಸದಸ್ಯ, ಮಂಗಳೂರಿನ ಲಾರೆನ್ಸ್ ಅಂಕಲ್‌ಗೆ ಮಣಿಕಟ್ಟಿನ ಆಪರೇಷನ್ ಆಯಿತು. ಗುಂಡು ಹಾರಿದಾಗ ದೊಡ್ಡ ಪಿಸ್ತೂಲು ಕೈಗೆ ಕೊಡುವ ಒದೆತ ಇನ್ನು ಬೇಡವೆಂದರು ಡಾಕ್ಟರು. ಒದೆತವೇ ಇಲ್ಲವೆನ್ನಬಹುದಾದ ರಿಮ್‌ಫೈರ್‌ಗೆ, ಅಂದರೆ ಪಾಯಿಂಟ್ ಟೂಟೂ ಎಂಬ ಪುಟ್ಟ ಗುಂಡಿನ ಪಿಸ್ತೂಲಿಗೆ, ಅವರು ಅನುಮತಿ ಕೇಳಿದರು.

ಸಮಿತಿಯ ಖಜಾಂಚಿ, ಮೈಸೂರಿನ ಪ್ರಕಾಶ್, ಕೆರಳಿದರು. "ಕಿಕ್ಕೇ ಇಲ್ದಿದ್ರೆ ಸ್ಪರ್ಧೆ ಏನ್ ಬಂತು ಸಾರ್? ನಾಳೆ ನೀರಿನ ಪಿಸ್ತೂಲ್ ತರ್ತಾರೆ!"

"ಸ್ಕೋರ್ ನೀವೇ ಇಟ್ಕೊಳ್ಳಿ ಮಾರಾಯ್ರೆ," ಎಂದರು ಅಂಕಲ್. "ನನ್ನನ್ನು ಸ್ಕ್ವಾಡಲ್ಲಿ ಇಟ್ರೆ ಸಾಕು. ಟೀವಿಯೊಟ್ಟಿಗೆ ಎಷ್ಟೂಂತ ಮಾತಾಡುದು?"

ಸಮಿತಿ ಗಂಭೀರವಾಗಿ ಚರ್ಚಿಸಿ, ಎರಡು ಪ್ಯಾಕೆಟ್ ಬಿಸ್ಕತ್ತು ಮುಗಿಸಿ, ಪ್ರಯೋಗಕ್ಕೆ ಒಂದು ಮ್ಯಾಚ್ ಕೊಟ್ಟಿತು: ಪ್ರತ್ಯೇಕ ವಿಭಾಗ, ಪ್ರತ್ಯೇಕ ಸ್ಕ್ವಾಡ್, ಎಲ್ಲರದೂ ಮುಗಿದ ನಂತರ. ಆ ಸ್ಕ್ವಾಡಿನಲ್ಲಿ ಅಂಕಲ್ ಒಬ್ಬರೇ.

ಅಂದು ಎಲ್ಲರೂ ಚಹಾಕ್ಕೆ ಹೋದ ಮೇಲೆ ಅವರು ಹೊಡೆದರು. ಚೆನ್ನಾಗಿಯೇ ಹೊಡೆದರು. ನಾನು ಟೈಮರ್ ನೋಡಿ ಅಂಕ ಬರೆದುಕೊಂಡೆ. ಅಂಕಲ್ ಪಿಸ್ತೂಲು ಖಾಲಿ ಮಾಡಿ ತೋರಿಸಿ, ಒರೆಗೆ ಸೇರಿಸಿ, ಟೇಪಿನ ಸುರುಳಿ ತೆಗೆದುಕೊಂಡು ತಮ್ಮ ತೂತುಗಳನ್ನು ತಾವೇ ಮುಚ್ಚಲು ಹೊರಟರು. ಅಷ್ಟು ದೊಡ್ಡ ಬಯಲಿನಲ್ಲಿ ಟೇಪು ಹರಿಯುವ ಸದ್ದು ಚಹಾದ ಮೇಜಿನವರೆಗೂ ಕೇಳಿತು.

ಪ್ರಕಾಶ್ ಲೋಟ ಕೆಳಗಿಟ್ಟು ಬಂದರು. "ಅಂಕಲ್, ಇದು ಒಂದು ತೂತಾ, ಎರಡಾ?"

"ಎರಡು. ನೀನು ಮೊದ್ಲು ಡಾಕ್ಟ್ರಿಗೆ ಕಣ್ಣು ತೋರ್ಸು."

ಮುಂದಿನ ಸಭೆಯಲ್ಲಿ ರಿಮ್‌ಫೈರ್‌ನವರನ್ನು ಸಾಮಾನ್ಯ ಸ್ಕ್ವಾಡಿಗೆ ಸೇರಿಸಬೇಕೆಂದು ಸೂಚಿಸಿದವರು ಪ್ರಕಾಶ್. ಸ್ಕೋರ್ ಮಾತ್ರ ಬೇರೆ. ನಿಯಮ ಮನುಷ್ಯನನ್ನು ಒಳಗೆ ಬಿಡಬಹುದು, ಪಕ್ಕದಲ್ಲಿ ನಿಲ್ಲಲು ಇನ್ನೊಬ್ಬ ಮನುಷ್ಯನೇ ಬೇಕೆಂದು ಆ ಹುದ್ದೆ ನನಗೆ ಕಲಿಸಿತು.

ಅಂಕಲ್ ಪ್ರತಿ ಮ್ಯಾಚಿನಲ್ಲೂ ತಮ್ಮ ವಿಭಾಗದ ಮೊದಲನೆಯವರಾಗಿ, ಕೊನೆಯವರೂ ಆಗಿ, ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿರುವ ಮಗಳ ಮನೆಗೆ ಹೋಗುವವರೆಗೂ ಆಡಿದರು.

ನಿಯಮ ಈಗಲೂ ಇದೆ. ಆ ವಿಭಾಗಕ್ಕೆ ಬೇರೆ ಯಾರೂ ಹೆಸರು ಕೊಟ್ಟಿಲ್ಲ.